ಉಬ್ಬಿದೆಯೋ, ತಗ್ಗಿದೆಯೋ? ಅಜ್ಜನ ಡಬ್ಬಿಯ ನಾಣ್ಯಗಳಲ್ಲಿ ಟಂಕಸಾಲೆಯ ತಪ್ಪು ಗುರುತಿಸುವುದು ಹೇಗೆ

ಪ್ರಶ್ನೆ: ಅಜ್ಜ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಒಂದು ಡಬ್ಬಿ ಹಳೇ ನಾಣ್ಯ ಸಿಕ್ಕಿತು. 1862ರ ಬೆಳ್ಳಿ ರೂಪಾಯಿ ಎರಡಿವೆ. ಒಂದರಲ್ಲಿ ಇಸವಿಯ ಹತ್ತಿರ ಚುಕ್ಕೆಗಳಿವೆ, ಇನ್ನೊಂದರಲ್ಲಿ ಇಲ್ಲ. 1835ರ ತಾಮ್ರದ ಕಾಲಾಣೆಯ ಮೇಲೆ ಅಂಚಿನಿಂದ ಒಳಕ್ಕೆ ಒಂದು ಗೆರೆ ಹೋಗಿದೆ. 1911ರ ರೂಪಾಯಿ ಇದೆ. 1944ರ ತೂತಿನ ಕಾಸಿನಲ್ಲಿ ತೂತು ಪಕ್ಕಕ್ಕೆ ಸರಿದಿದೆ. ಟಿಪ್ಪುವಿನ ಪೈಸೆಯಲ್ಲಿ ಅರ್ಧ ಆನೆ ಮಾತ್ರ ಇದೆ. ಮೈಸೂರಿನ ಇಪ್ಪತ್ತು ಕಾಸಿನಲ್ಲಿ ಒಂದು ಇಂಗ್ಲಿಷ್ ಅಕ್ಷರ ಉಲ್ಟಾ ಇದೆ. ಈಚಿನ ಒಂದು ರೂಪಾಯಿಯಲ್ಲಿ ಒಂದು ಕಡೆ ಚಿತ್ರ ಉಬ್ಬಿದೆ, ಇನ್ನೊಂದು ಕಡೆ ಅದೇ ಚಿತ್ರ ತಗ್ಗಾಗಿ, ಎಡ ಬಲ ತಿರುಗಿದೆ. ಎರರ್ ನಾಣ್ಯಕ್ಕೆ ಲಕ್ಷ ಲಕ್ಷ ಎಂಬ ವಿಡಿಯೋಗಳನ್ನು ನೋಡಿ ಮನೆಯಲ್ಲಿ ಎಲ್ಲರಿಗೂ ಆಸೆ ಹುಟ್ಟಿದೆ. ಇವುಗಳಲ್ಲಿ ಯಾವುದು ನಿಜವಾದ ತಪ್ಪು, ಯಾವುದು ಅಚ್ಚಿನ ಭೇದ, ಯಾವುದು ಬರೀ ಏಟು? ಅಮೆರಿಕದಲ್ಲಿರುವ ತಮ್ಮ ಅಲ್ಲಿಗೆ ಒಯ್ದು ಗ್ರೇಡಿಂಗ್, ಅಂದರೆ ಅಸಲಿತನ ಮತ್ತು ಸ್ಥಿತಿಯ ಪರೀಕ್ಷೆ, ಮಾಡಿಸುತ್ತೇನೆ ಅನ್ನುತ್ತಿದ್ದಾನೆ. ಕೊಟ್ಟು ಕಳುಹಿಸಬಹುದೇ?
ಓದುಗರು, ಶಿವಮೊಗ್ಗ

ಉತ್ತರ: ಮೊದಲು ಒಂದು ಕೋರಿಕೆ. ಆ ನಾಣ್ಯಗಳನ್ನು ಉಜ್ಜಬೇಡಿ. ತಾಮ್ರ ಕಂಡರೆ ನಮ್ಮ ಮನೆಗಳಲ್ಲಿ ಕೈ ಹುಣಸೆಹಣ್ಣಿಗೆ ಹೋಗುತ್ತದೆ, ಬೆಳ್ಳಿ ಕಂಡರೆ ವಿಭೂತಿಗೆ. ಒಮ್ಮೆ ಉಜ್ಜಿದರೆ ಮೇಲ್ಮೈ ಹೋಗುತ್ತದೆ. ಅದರ ಜೊತೆಗೆ ನಾವು ಓದಬೇಕಾದ ಸಾಕ್ಷಿಯೂ ಹೋಗುತ್ತದೆ. ಲಕ್ಷ್ಮೀ ಪೂಜೆಗೆ ಇಟ್ಟು ಅರಿಶಿನ ಕುಂಕುಮ ಹತ್ತಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ಒಂದು ರಾತ್ರಿ ನೆನೆಸಿ. ಆಮೇಲೆ ಮೆತ್ತನೆ ಬಟ್ಟೆಯ ಮೇಲೆ ತಾನಾಗಿ ಒಣಗಲು ಬಿಡಿ. ಅದಕ್ಕಿಂತ ಜಾಸ್ತಿ ಏನೂ ಬೇಡ.

ಈಗ ವಿಷಯಕ್ಕೆ ಬರೋಣ. ನಾಣ್ಯದಲ್ಲಿ ಏನೋ ವಿಚಿತ್ರ ಕಂಡರೆ ಎಲ್ಲರೂ 'ಎಷ್ಟು ಸಿಗುತ್ತೆ' ಅಂತ ಕೇಳುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆ ಇದೆ: ಇದು ಯಾವಾಗ ಆಯಿತು? ಬಿಲ್ಲೆ ಕತ್ತರಿಸುವಾಗಲೇ ಆಯಿತೋ, ಅಚ್ಚಿನಲ್ಲೇ ಇತ್ತೋ, ಒತ್ತುವ ಗಳಿಗೆಯಲ್ಲಿ ಆಯಿತೋ, ಇಲ್ಲಾ ಟಂಕಸಾಲೆ ಬಿಟ್ಟ ಮೇಲೆ ಯಾರದೋ ಕೈಯಲ್ಲಿ ಆಯಿತೋ? ಮೊದಲ ಮೂರಾದರೆ ಅದು ಸಂಗ್ರಾಹಕರಿಗೆ ಬೇಕಾದ ನಾಣ್ಯ. ನಾಲ್ಕನೆಯದಾದರೆ ಅದು ಪೆಟ್ಟು ತಿಂದ ನಾಣ್ಯ, ಅಷ್ಟೇ. ವಿಡಿಯೋಗಳಲ್ಲಿ ತೋರಿಸುವ ಬಹುಪಾಲು 'ಎರರ್'ಗಳು ಈ ನಾಲ್ಕನೆಯ ಗುಂಪಿನವು.

ಇದನ್ನು ಬೇರ್ಪಡಿಸಲು ಟಂಕಸಾಲೆಯ ಕೆಲಸ ಸ್ವಲ್ಪ ಗೊತ್ತಿರಬೇಕು. ಲೋಹದ ತಗಡಿನಿಂದ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಎರಡು ಉಕ್ಕಿನ ಅಚ್ಚುಗಳ ನಡುವೆ ಬಿಲ್ಲೆ ಇಡುತ್ತಾರೆ. ಸುತ್ತ ಕಾಲರ್ ಎಂಬ ಉಕ್ಕಿನ ಬಳೆ ಇರುತ್ತದೆ. ಅಚ್ಚು ಬಿದ್ದಾಗ ಲೋಹ ಹರಿದು ಅಚ್ಚಿನ ತಗ್ಗುಗಳಿಗೆಲ್ಲ ತುಂಬಿಕೊಳ್ಳುತ್ತದೆ. ಅಚ್ಚಿನಲ್ಲಿ ತಗ್ಗಾಗಿರುವುದು ನಾಣ್ಯದಲ್ಲಿ ಉಬ್ಬಾಗುತ್ತದೆ. ಅಚ್ಚಿನಲ್ಲಿ ಉಲ್ಟಾ ಇರುವುದು ನಾಣ್ಯದಲ್ಲಿ ನೆಟ್ಟಗಾಗುತ್ತದೆ. ಈ ಎರಡು ಮಾತು ಮನಸ್ಸಿನಲ್ಲಿದ್ದರೆ ನಿಮ್ಮ ಡಬ್ಬಿಯ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಹುದು.

ನಿಮ್ಮ 1835ರ ಕಾಲಾಣೆಯನ್ನೇ ತೆಗೆದುಕೊಳ್ಳಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿಯಿರಿ. ದೀಪವನ್ನು ನೆತ್ತಿಯ ಮೇಲಿಂದ ಬೇಡ, ಪಕ್ಕದಿಂದ ಬೀಳಿಸಿ. ನಾಣ್ಯವನ್ನು ನಿಧಾನಕ್ಕೆ ತಿರುಗಿಸಿ. ಆ ಗೆರೆ ಮೇಲಕ್ಕೆ ಎದ್ದಿದೆಯೇ, ಒಳಕ್ಕೆ ಇಳಿದಿದೆಯೇ? ಒಳಕ್ಕೆ ಇಳಿದಿದ್ದರೆ ಅದು ಗೀರು. ಕಾಲಾಣೆ ಎಷ್ಟೋ ಕೈ ದಾಟಿ ಬಂದಿದೆ, ಗೀರು ಬೀಳದಿದ್ದರೇ ಆಶ್ಚರ್ಯ. ಮೇಲಕ್ಕೆ ಎದ್ದಿದ್ದರೆ ಅದು ಅಚ್ಚಿನ ಬಿರುಕು. ಉಕ್ಕಿನ ಅಚ್ಚು ಸಾವಿರಾರು ಏಟು ಹೊಡೆದು ದಣಿದು ಸೀಳುತ್ತದೆ, ಸೀಳಿಗೆ ತಾಮ್ರ ನುಗ್ಗುತ್ತದೆ, ನಾಣ್ಯದ ಮೇಲೆ ಸಣ್ಣ ದಿಬ್ಬದಂಥ ಗೆರೆ ನಿಲ್ಲುತ್ತದೆ. ಈ ಗೆರೆ ಅಕ್ಷರಗಳ ಮೇಲೂ ಖಾಲಿ ಜಾಗದಲ್ಲೂ ಒಂದೇ ಸಮ ಹಾದುಹೋಗುತ್ತದೆ. ಗೀರು ಹಾಗಲ್ಲ. ಉಬ್ಬಿದ ಅಕ್ಷರಕ್ಕೆ ತಾಗಿ, ಪಕ್ಕದ ತಗ್ಗನ್ನು ಹಾರಿ, ಮುಂದಿನ ಅಕ್ಷರಕ್ಕೆ ಮತ್ತೆ ತಾಗುತ್ತದೆ.

ಈ ಬಿರುಕು ನನಗೆ ಇಷ್ಟವಾಗುವುದು ಅದು ಕಾಲವನ್ನು ಹಿಡಿದಿಡುತ್ತದೆ ಅನ್ನುವ ಕಾರಣಕ್ಕೆ. ಒಂದೇ ಅಚ್ಚಿನ ಹತ್ತಾರು ನಾಣ್ಯ ಸಿಕ್ಕರೆ, ಒಂದರಲ್ಲಿ ಬಿರುಕೇ ಇರುವುದಿಲ್ಲ, ಇನ್ನೊಂದರಲ್ಲಿ ಕೂದಲೆಳೆಯಷ್ಟು ಇರುತ್ತದೆ, ಮತ್ತೊಂದರಲ್ಲಿ ಅಂಚಿನಿಂದ ಅಂಚಿಗೆ ಹೋಗಿರುತ್ತದೆ. ಯಾವುದು ಮೊದಲು ಹುಟ್ಟಿತು, ಯಾವುದು ಆಮೇಲೆ ಎಂದು ಸಾಲಾಗಿ ಜೋಡಿಸಬಹುದು. ಕೊನೆಗೆ ಅಚ್ಚಿನ ಅಂಚಿನ ತುಂಡೇ ಉದುರಿದರೆ ನಾಣ್ಯದ ಅಂಚಿನಲ್ಲಿ ಚಿತ್ರವಿಲ್ಲದ ಒಂದು ಗಡ್ಡೆ ಮೂಡುತ್ತದೆ. ಸಂಗ್ರಾಹಕರು ಇದನ್ನು ಕಡ್ ಅನ್ನುತ್ತಾರೆ. ಕೂದಲೆಳೆಯ ಬಿರುಕಿಗೆ ಹೆಚ್ಚು ಹಣ ಬರುವುದಿಲ್ಲ. ದೊಡ್ಡ ಕಡ್‌ಗೆ ಬರುತ್ತದೆ.

ಇಲ್ಲಿ ನಮ್ಮ ಕಡೆಯ ನಾಣ್ಯಗಳಿಗೆ ಒಂದು ವಿಶೇಷ ಎಚ್ಚರಿಕೆ ಬೇಕು. ಬೆಳ್ಳಿ ರೂಪಾಯಿಗಳನ್ನು ನಮ್ಮಲ್ಲಿ ಸರ ಮಾಡಿ ಕೊರಳಿಗೆ ಹಾಕುತ್ತಿದ್ದರು. ಅಕ್ಕಸಾಲಿಗರು ತಲೆಯ ನೇರಕ್ಕೆ ಅಂಚಿನಲ್ಲಿ ಕೊಂಡಿ ಬೆಸೆಯುತ್ತಿದ್ದರು. ಆಮೇಲೆ ಸರ ಬಿಚ್ಚಿ, ಕೊಂಡಿ ಕಿತ್ತು, ರೂಪಾಯಿ ಮಾರುತ್ತಿದ್ದರು. ಉಳಿದ ಬೆಸುಗೆಯ ಗಡ್ಡೆ ನೋಡಲು ಥೇಟ್ ಕಡ್‌ನಂತೆ ಇರುತ್ತದೆ. ವ್ಯತ್ಯಾಸ ಹೇಗೆ ಹಿಡಿಯುವುದು? ನಾಣ್ಯವನ್ನು ಪಕ್ಕಕ್ಕೆ ತಿರುಗಿಸಿ ಅಂಚಿನ ಗೀರು ಹಲ್ಲುಗಳನ್ನು ನೋಡಿ. ಬೆಸುಗೆ ಆ ಹಲ್ಲುಗಳ ಮೇಲೂ ಹರಿದಿರುತ್ತದೆ, ಇಲ್ಲವೇ ಅರ ಉಜ್ಜಿದ ಗುರುತು ಇರುತ್ತದೆ. ಬಣ್ಣವೂ ಸ್ವಲ್ಪ ಬೇರೆ. ನಿಜವಾದ ಕಡ್‌ನಲ್ಲಿ ಅಂಚಿನ ಹಲ್ಲು ಹಾಗೇ ಇರುತ್ತವೆ. ಅದಕ್ಕಿಂತ ಮುಖ್ಯವಾಗಿ, ನಾಣ್ಯದ ಇನ್ನೊಂದು ಮಗ್ಗುಲಲ್ಲಿ, ಸರಿಯಾಗಿ ಅದೇ ಜಾಗದ ಬೆನ್ನಿಗೆ, ಚಿತ್ರ ಮಸುಕಾಗಿರುತ್ತದೆ. ಲೋಹವೆಲ್ಲ ಈ ಕಡೆಯ ಗುಂಡಿ ತುಂಬಲು ಹೋದದ್ದರಿಂದ ಆ ಕಡೆಗೆ ಸಾಲದೆ ಬಂದಿರುತ್ತದೆ. ಬೆಸುಗೆ ಹಾಕಿದವರು ಬೆನ್ನ ಮೇಲಿನ ಈ ಮಸುಕನ್ನು ತರಲಾರರು. ಸರಾಫರು ಬೆಳ್ಳಿ ಪರೀಕ್ಷೆಗೆ ಹೊಡೆದ ಸಣ್ಣ ಮುದ್ರೆಗಳೂ ಇದೇ ರೀತಿ ಗೊಂದಲ ಹುಟ್ಟಿಸುತ್ತವೆ. ಅವು ತಗ್ಗಾಗಿರುತ್ತವೆ, ಟಂಕಸಾಲೆಯವಲ್ಲ.

ಈಗ 1862ರ ರೂಪಾಯಿ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಅಚ್ಚಿನ ಭೇದ ಅಂದರೇನು ಎಂದು ಕಲಿಯಲು ಭಾರತದಲ್ಲಿ ಇದಕ್ಕಿಂತ ಒಳ್ಳೆಯ ನಾಣ್ಯ ಇಲ್ಲ ಅಂತ ನನ್ನ ಅಭಿಪ್ರಾಯ.

ಈಸ್ಟ್ ಇಂಡಿಯಾ ಕಂಪನಿ 1835ರಲ್ಲಿ ಇಡೀ ತನ್ನ ಆಡಳಿತಕ್ಕೆ ಒಂದೇ ರೂಪಾಯಿ ತಂದಿತು. ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಆದರೆ ಜನರಿಗೆ ಹಳೇ ಅನುಭವ ಇತ್ತು. ರೂಪಾಯಿಯ ಇಸವಿ ಹಳೆಯದಾದರೆ ಸವೆದಿದೆ ಎಂದು ಸರಾಫರು ಬಟ್ಟಾ, ಅಂದರೆ ಬೆಲೆಯಲ್ಲಿ ಕಡಿತ, ಹಿಡಿಯುತ್ತಿದ್ದರು. ಇಸವಿಯನ್ನೇ ಬದಲಿಸದಿದ್ದರೆ ಈ ತಕರಾರು ಇಲ್ಲ, ಅಲ್ವಾ? ಹಾಗಾಗಿ 1835 ಎಂದು ಬರೆದ ರೂಪಾಯಿ 1840ರ ತನಕ ಬಂತು. 1840 ಎಂದು ಬರೆದದ್ದು 1862ರ ತನಕ ಬಂತು. 1862 ಎಂದು ಬರೆದದ್ದು 1874ರ ತನಕ ಬಂತು. ನಿಮ್ಮ ಕೈಯಲ್ಲಿರುವ ಎರಡು ರೂಪಾಯಿಗಳ ಇಸವಿ ಒಂದೇ. ಆದರೂ ಅವು ಹುಟ್ಟಿದ ವರ್ಷಗಳ ನಡುವೆ ಹತ್ತು ವರ್ಷದ ಅಂತರ ಇರಬಹುದು.

ಚುಕ್ಕೆಗಳು ಬರುವುದು ಇಲ್ಲಿಯೇ. ಅವು ತಪ್ಪಲ್ಲ. ಬಾಂಬೆ ಟಂಕಸಾಲೆಯವರು ಯಾವ ವರ್ಷ ಹೊಡೆದದ್ದು ಎಂದು ತಮ್ಮ ಲೆಕ್ಕಕ್ಕೆ ತಿಳಿಯಲು ಬೇಕೆಂದೇ ಇಟ್ಟ ಗುರುತುಗಳು. ಸಂಗ್ರಾಹಕರು ಮೇಲಿನ ಚುಕ್ಕೆ ಎಷ್ಟು, ಕೆಳಗಿನ ಚುಕ್ಕೆ ಎಷ್ಟು ಎಂದು ಬೇರೆ ಬೇರೆ ಎಣಿಸಿ ಭಿನ್ನರಾಶಿಯ ಹಾಗೆ ಬರೆಯುತ್ತಾರೆ. ಕೆಲವು ಎಣಿಕೆಗಳು ಸುಲಭವಾಗಿ ಸಿಗುತ್ತವೆ, ಕೆಲವು ಬಲು ಅಪರೂಪ. ಬೆಲೆ ಅದರ ಮೇಲೇ ನಿಂತಿದೆ. ಹಾಗೆಂದೇ ಇಲ್ಲಿ ಮೋಸವೂ ಇದೆ. ತುಕ್ಕು ಹಿಡಿದ ಅಚ್ಚಿನಲ್ಲಿ ಸಣ್ಣ ಕುಳಿ ಬಿದ್ದರೆ ನಾಣ್ಯದ ಮೇಲೆ ಪುಟ್ಟ ಗುಳ್ಳೆ ಏಳುತ್ತದೆ. ಅದನ್ನೇ 'ಇನ್ನೊಂದು ಚುಕ್ಕೆ' ಎಂದು ಮಾರುವವರಿದ್ದಾರೆ. ಬೇಕೆಂದೇ ಇಟ್ಟ ಚುಕ್ಕೆ ದುಂಡಗಿರುತ್ತದೆ, ಉಳಿದ ಚುಕ್ಕೆಗಳ ಗಾತ್ರಕ್ಕೆ ಸರಿಹೊಂದುತ್ತದೆ, ನಿರೀಕ್ಷಿಸಿದ ಜಾಗದಲ್ಲೇ ಇರುತ್ತದೆ. ಗುಳ್ಳೆಗೆ ಈ ಶಿಸ್ತು ಇರುವುದಿಲ್ಲ.

ಚುಕ್ಕೆಯಷ್ಟೇ ಅಲ್ಲ. ನಿಮ್ಮ ಎರಡೂ ರೂಪಾಯಿಗಳನ್ನು ಅಕ್ಕಪಕ್ಕ ಇಡಿ. ವಿಕ್ಟೋರಿಯಾ ರಾಣಿಯ ಎದೆಯ ಮೇಲಿನ ಉಡುಪಿನಲ್ಲಿ ಹೂವಿನ ಚೌಕಗಳ ಪಟ್ಟಿ ಇಳಿದು ಬಂದಿದೆ. ಎಷ್ಟು ಚೌಕ ಪೂರ್ತಿ ಇವೆ, ಕೊನೆಯದು ಎಲ್ಲಿ ಕತ್ತರಿಸಿದೆ ಎಂದು ಎಣಿಸಿ. ಒಂದರಲ್ಲಿ ಕೊನೆಯ ಚೌಕದಲ್ಲಿ ಎಲೆಗಳ ಜೊತೆ ಮಸುಕಾದ ಹೂವು ಇದ್ದರೆ, ಇನ್ನೊಂದರಲ್ಲಿ ಎಲೆಗಳ ತುದಿ ಮಾತ್ರ ಇರಬಹುದು. ಈಗ ತಿರುಗಿಸಿ. ಹೂಬಳ್ಳಿಯ ನೆತ್ತಿಯಲ್ಲಿ ಒಂದು ಹೂವಿದೆ. ಒಂದು ಬಗೆಯಲ್ಲಿ ಆ ಹೂವು ದೊಡ್ಡದು, ಬುಡದ ಎರಡು ಎಸಳು ಉದ್ದವಾಗಿ ಕೆಳಕ್ಕೆ ಬಾಗಿವೆ. ಇನ್ನೊಂದು ಬಗೆಯಲ್ಲಿ ಹೂವು ಸಣ್ಣದು, ಆ ಎಸಳುಗಳು ಗಿಡ್ಡ, ಅಡ್ಡಕ್ಕೆ ಚಾಚಿವೆ. ರಾಣಿಯ ಮುಖಕ್ಕೆ ಒಂದಕ್ಕಿಂತ ಹೆಚ್ಚು ಮೂಲ ಅಚ್ಚು, ಹೂಬಳ್ಳಿಗೂ ಒಂದಕ್ಕಿಂತ ಹೆಚ್ಚು ಮೂಲ ಅಚ್ಚು. ಯಾವ ಮುಖಕ್ಕೆ ಯಾವ ಹೂಬಳ್ಳಿ ಸೇರಿತು, ಎಷ್ಟು ಚುಕ್ಕೆ ಇದೆ ಎಂಬ ಮೂರನ್ನೂ ಕೂಡಿಸಿದಾಗ ಆ ನಾಣ್ಯದ ನಿಜವಾದ ಗುರುತು ಸಿಗುತ್ತದೆ.

ತಪ್ಪಿಗೂ ಭೇದಕ್ಕೂ ಇರುವ ಅಂತರ ಇದೇ. ಭೇದ ಅಚ್ಚಿನಲ್ಲಿ ಇರುತ್ತದೆ, ಆ ಅಚ್ಚಿನಿಂದ ಬಂದ ಪ್ರತಿ ನಾಣ್ಯದಲ್ಲೂ ಅದೇ ಜಾಗದಲ್ಲಿ ಮರಳಿ ಬರುತ್ತದೆ. ಒತ್ತುವಾಗ ಆದ ತಪ್ಪು ಆ ಒಂದು ನಾಣ್ಯದ್ದು. ಹಾಗಾಗಿ 'ಇದು ಹೊಸ ಭೇದ' ಎಂದು ಯಾರಾದರೂ ಹೇಳಿದರೆ ಇನ್ನೊಂದು ನಾಣ್ಯ ತೋರಿಸಿ ಎಂದು ಕೇಳಬೇಕು. ಎರಡು ನಾಣ್ಯ ಒಂದೇ ಅಚ್ಚಿನವೇ ಎಂದು ತಿಳಿಯುವುದು ಕಷ್ಟವಲ್ಲ. ಇಸವಿಯ ಒಂದು ಅಂಕೆಯಿಂದ ಅಂಚಿನ ಮಣಿಗೆ ಕಣ್ಣಲ್ಲೇ ಒಂದು ನೇರ ಗೆರೆ ಎಳೆಯಿರಿ. ಗೆರೆ ಮಣಿಗೆ ತಾಗುತ್ತದೋ, ಎರಡು ಮಣಿಗಳ ನಡುವೆ ಬೀಳುತ್ತದೋ ನೋಡಿ. ಇಂಥ ಮೂರು ನಾಲ್ಕು ಗೆರೆಗಳು ಎರಡರಲ್ಲೂ ಒಂದೇ ಥರ ಬಿದ್ದರೆ ಅಚ್ಚು ಒಂದೇ.

ಒಂದು ವಸ್ತು ಇಲ್ಲ ಎಂಬುದೇ ಭೇದವಾದಾಗ ಇನ್ನೂ ಜಾಗ್ರತೆ ಬೇಕು. ವಿಲಿಯಂ ರಾಜನ 1835ರ ರೂಪಾಯಿಯಲ್ಲಿ ಕುತ್ತಿಗೆ ಕಡಿದ ಜಾಗದ ಮೇಲೆ ಕೆಲವದರಲ್ಲಿ ಆರ್.ಎಸ್., ಕೆಲವದರಲ್ಲಿ ಎಫ್ ಎಂಬ ಪುಟ್ಟ ಅಕ್ಷರಗಳಿವೆ. ಕಲ್ಕತ್ತ ಟಂಕಸಾಲೆಯ ಮುಖ್ಯಸ್ಥರಾಗಿದ್ದ ಸಾಂಡರ್ಸ್ ಮತ್ತು ಫೋರ್ಬ್ಸ್ ಅವರ ಹೆಸರಿನ ಅಕ್ಷರಗಳು. ಏನೂ ಇಲ್ಲದ ಬಗೆಯೂ ಇದೆ. ಸವೆದ ರೂಪಾಯಿ ಹಿಡಿದು 'ಇದರಲ್ಲಿ ಅಕ್ಷರ ಇಲ್ಲ' ಎಂದರೆ ಅದಕ್ಕೆ ಅರ್ಥವಿಲ್ಲ. ಸುತ್ತಲ ಕೂದಲು, ಕಿವಿ ಎಲ್ಲ ಚೂಪಾಗಿ ಉಳಿದಿದ್ದರೆ ಮಾತ್ರ ಇಲ್ಲದಿರುವುದು ಸಾಕ್ಷಿಯಾಗುತ್ತದೆ. ಅಚ್ಚಿನೊಳಗೆ ಎಣ್ಣೆ ಜಿಡ್ಡು ತುಂಬಿ ಒಂದು ಅಕ್ಷರ ಮಾಯವಾಗುವುದೂ ಇದೆ. ಅದು ಭೇದವಲ್ಲ, ಬೆಲೆಯೂ ಕಡಿಮೆ.

ಜೋಡಿ ಅಕ್ಷರಗಳ ಬಗ್ಗೆಯೂ ಹೇಳಿಬಿಡುತ್ತೇನೆ, ವಿಡಿಯೋಗಳಲ್ಲಿ ಜಾಸ್ತಿ ಗಲಾಟೆ ಇರುವುದು ಇದರದ್ದೇ. ಅಮೆರಿಕದ 1955ರ ಲಿಂಕನ್ ಸೆಂಟ್‌ನಲ್ಲಿ ಇಸವಿ, ಅಕ್ಷರ ಎಲ್ಲವೂ ಬರಿಗಣ್ಣಿಗೇ ಎರಡೆರಡು ಕಾಣುತ್ತವೆ. ಅಚ್ಚು ತಯಾರಿಸುವಾಗ ಮೂಲ ಮುದ್ರೆಯನ್ನು ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಿದ್ದರು. ಎರಡನೇ ಸಲ ಸ್ವಲ್ಪ ತಿರುಗಿದ್ದರಿಂದ ಅಚ್ಚಿನಲ್ಲೇ ಜೋಡಿ ಚಿತ್ರ ಕೂತಿತು. ಅದಕ್ಕೆ ದೊಡ್ಡ ಬೆಲೆ ಇದೆ, ನಿಜ. ಆದರೆ ನಮ್ಮ ನಾಣ್ಯಗಳಲ್ಲಿ ಕಾಣುವ ಜೋಡಿ ಹೆಚ್ಚಾಗಿ ಬೇರೆಯದು. ಒತ್ತಿದ ಮೇಲೆ ಸಡಿಲವಾದ ಅಚ್ಚು ನಾಣ್ಯದ ಮೇಲೆ ತುಸು ಜಾರುತ್ತದೆ, ಅಕ್ಷರದ ಪಕ್ಕವನ್ನು ತಟ್ಟಿ ಮೆಟ್ಟಿಲು ಮಾಡುತ್ತದೆ. ಇಲ್ಲಿ ಅಕ್ಷರ ಸಣ್ಣದಾಗುತ್ತದೆ, ಪಕ್ಕದಲ್ಲಿ ಚಪ್ಪಟೆಯಾದ, ಹೊಳೆಯುವ ಒಂದು ಹಂತ ಕಾಣುತ್ತದೆ. ನಿಜವಾದ ಜೋಡಿ ಅಚ್ಚಿನಲ್ಲಿ ಅಕ್ಷರ ದಪ್ಪವಾಗುತ್ತದೆ, ತುದಿಗಳು ಕವಲೊಡೆಯುತ್ತವೆ, ಎರಡೂ ಚಿತ್ರ ದುಂಡಗೆ ಉಬ್ಬಿರುತ್ತವೆ. ಜಾರಿದ್ದಕ್ಕೆ ಸಂಗ್ರಾಹಕರು ಬಿಡಿಗಾಸೂ ಹೆಚ್ಚು ಕೊಡುವುದಿಲ್ಲ.

1911ರ ರೂಪಾಯಿ ತಪ್ಪಾದ ಮುದ್ರಣ ಅಲ್ಲವೇ ಅಲ್ಲ. ಅದು ವಿನ್ಯಾಸದ ಕಥೆ. ಐದನೇ ಜಾರ್ಜ್ ಹೊದ್ದ ನಿಲುವಂಗಿಯ ಮೇಲೆ ಆನೆ ಇದೆ. ಶಿಲ್ಪಿ ಬರ್ಟ್ರಂ ಮೆಕೆನ್ನಲ್ ಮಾಡಿದ ಆ ಆನೆಯ ಸೊಂಡಿಲು, ಕಾಲು ಗಿಡ್ಡವಾಗಿ ಜನರಿಗೆ ಹಂದಿಯಂತೆ ಕಂಡಿತು. ಗದ್ದಲವಾಯಿತು. ಸುಮಾರು 94 ಲಕ್ಷ ನಾಣ್ಯ ಹೊಡೆದಿದ್ದರು, ಹೊರಗೆ ಬಂದದ್ದು ಸುಮಾರು 7 ಲಕ್ಷ. ಉಳಿದದ್ದನ್ನು ಕರಗಿಸಿದರು. 1912ರಿಂದ ಸೊಂಡಿಲು ಸ್ಪಷ್ಟವಾಗಿರುವ ಆನೆ ಬಂತು. ನಿಮ್ಮದು ಅಸಲಿಯಾಗಿದ್ದರೆ ಒಳ್ಳೆಯ ನಾಣ್ಯವೇ. ಆದರೆ ಅದು 'ಎರರ್' ಅಲ್ಲ, ಇಸವಿಯ ಬೇಡಿಕೆಯಿಂದ ಬೆಲೆ. ಇದರ ನಕಲಿಗಳಿವೆ. ಮೊದಲು ತೂಕ ನೋಡಿ. 11.66 ಗ್ರಾಂಗಿಂತ ಸವೆತಕ್ಕೆ ತಕ್ಕಷ್ಟು ಕಡಿಮೆ ಇರಬಹುದು. ಎರಕದ ನಕಲಿಯಲ್ಲಿ ಮೇಲ್ಮೈ ಮೇಲೆ ಸೂಜಿ ಚುಚ್ಚಿದಂಥ ಕುಳಿಗಳು, ಅಂಚಿನ ಸುತ್ತ ಸಣ್ಣ ಸೇರುಗೆರೆ ಕಾಣುತ್ತವೆ. ಇದೇ ರೀತಿ 1939ರ ರೂಪಾಯಿ ಅಂತ ಯಾರಾದರೂ ತಂದರೆ ಕೊನೆಯ ಅಂಕೆಯನ್ನು ಭೂತಗನ್ನಡಿಯಲ್ಲಿ ನೋಡದೆ ಮುಂದಕ್ಕೆ ಹೋಗಬೇಡಿ. 1938ರ 8ನ್ನು ಕೆತ್ತಿ 9 ಮಾಡುವುದು ಹಳೇ ದಂಧೆ. ಅಂಕೆಯ ಸುತ್ತ ಉಜ್ಜಿದ ಗುರುತು ಉಳಿದಿರುತ್ತದೆ.

ಕೆಳಗಿರುವ ಚುಕ್ಕೆ, ಅಕ್ಷರಗಳನ್ನೂ ತಪ್ಪೆಂದು ತಿಳಿಯಬೇಡಿ, ಅವು ಯಾವ ಟಂಕಸಾಲೆಯ ನಾಣ್ಯ ಎಂದು ಹೇಳುವ ಗುರುತುಗಳು. ಜಾರ್ಜ್ ಕಾಲದ ರೂಪಾಯಿಯ ಹಿಂಭಾಗದಲ್ಲಿ ಕೆಳಗಿನ ಹೂವಿನ ಬಳಿ ಪುಟ್ಟ ಮಣಿ ಇದ್ದರೆ ಬಾಂಬೆ, ಏನೂ ಇಲ್ಲದಿದ್ದರೆ ಕಲ್ಕತ್ತ. ಎರಡನೇ ಮಹಾಯುದ್ಧದ ಕಾಲದ ಎಲ್ ಅಕ್ಷರ ಲಾಹೋರಿನದು. ಸ್ವಾತಂತ್ರ್ಯದ ನಂತರ ಇಸವಿಯ ಕೆಳಗೆ ವಜ್ರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ.

ಟಿಪ್ಪುವಿನ ಪೈಸೆಗೆ ಬರೋಣ. ಇಲ್ಲಿ ನಿಯಮವೇ ಬೇರೆ. ಇದುವರೆಗೆ ಹೇಳಿದ್ದೆಲ್ಲ ಯಂತ್ರದ ನಾಣ್ಯಕ್ಕೆ. ಕಲ್ಕತ್ತದಲ್ಲಿ ಉಗಿಯಂತ್ರದ ಹೊಸ ಟಂಕಸಾಲೆ ಕೆಲಸ ಶುರುಮಾಡಿದ್ದು 1829ರಲ್ಲಿ. ಟಿಪ್ಪು ಸತ್ತಿದ್ದು 1799ರಲ್ಲಿ. ಶ್ರೀರಂಗಪಟ್ಟಣದಲ್ಲಿ, ನಗರ (ಹಳೆಯ ಬಿದನೂರು) ಎಂಬ ಊರಿನಲ್ಲಿ ಅವನ ನಾಣ್ಯಗಳನ್ನು ಸುತ್ತಿಗೆಯಿಂದ ಕೈಯಲ್ಲೇ ಹೊಡೆದರು. ಕಾಲರ್ ಇಲ್ಲ, ಬಿಲ್ಲೆ ಪೂರ್ತಿ ದುಂಡಗಿಲ್ಲ. ಆನೆ ಪಕ್ಕಕ್ಕೆ ಸರಿಯುವುದು, ಸೊಂಡಿಲು ಅಂಚಿನಾಚೆ ಹೋಗುವುದು ಅಲ್ಲಿ ದಿನನಿತ್ಯದ ಮಾತು. ಅರ್ಧ ಆನೆಯ ಪೈಸೆಗೆ ಬೆಲೆ ಕಡಿಮೆ, ಪೂರ್ತಿ ಆನೆಗೆ ಜಾಸ್ತಿ. ಯಂತ್ರದ ರೂಪಾಯಿಯಲ್ಲಿ ಇದು ತಿರುವುಮುರುವು: ಅರ್ಧ ಚಿತ್ರ ಹೊರಗೆ ಹೋಗಿಯೂ ಇಸವಿ ಉಳಿದಿದ್ದರೆ ಬೆಲೆ ಏರುತ್ತದೆ.

ಹಾಗಂತ ಟಿಪ್ಪುವಿನ ಪೈಸೆಯಲ್ಲಿ ನೋಡಲು ಏನೂ ಇಲ್ಲ ಅಂದುಕೊಳ್ಳಬೇಡಿ. ಪ್ರತಿ ಅಚ್ಚನ್ನೂ ಕೈಯಲ್ಲೇ ಕೆತ್ತಿದ್ದರಿಂದ ಪ್ರತಿ ಅಚ್ಚಿನ ಆನೆಯೂ ಬೇರೆ. ಎಡಕ್ಕೆ ನಡೆಯುವ ಆನೆ, ಬಲಕ್ಕೆ ನಡೆಯುವ ಆನೆ, ಬಾಲ ಎತ್ತಿದ ಆನೆ, ಬೆನ್ನ ಹಿಂದೆ ಬಾವುಟ ಇರುವ ಆನೆ. ಅವನ ಮೌಲೂದಿ ಕಾಲಗಣನೆಯಲ್ಲಿ ಇಸವಿಯ ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆದಿದ್ದಾರೆ. ಅದನ್ನು ತಪ್ಪು ಎಂದು ಮಾರುವವರನ್ನು ನಂಬಬೇಡಿ, ಅದು ಅವನೇ ತಂದ ಪದ್ಧತಿ. ಊರಿನ ಹೆಸರು, ಇಸವಿ ಓದಲು ಬರುತ್ತದೆಯೇ ನೋಡಿ. ಆನೆಗಿಂತ ಅದು ಮುಖ್ಯ.

ನಿಮ್ಮ ಡಬ್ಬಿಯಲ್ಲಿ ನನ್ನ ಕುತೂಹಲ ಕೆರಳಿಸಿದ್ದು ಮೈಸೂರಿನ ಇಪ್ಪತ್ತು ಕಾಸು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಒಂದೇ ತಾಮ್ರದ ಬಿಲ್ಲೆಯ ಮೇಲೆ ಕನ್ನಡದಲ್ಲಿ ಶ್ರೀ ಚಾಮುಂಡಿ, ಶ್ರೀ ಕೃಷ್ಣ, ಮಯಿಲಿ ಕಾಸು. ಜೊತೆಗೆ ಪರ್ಷಿಯನ್, ಜೊತೆಗೆ ಇಂಗ್ಲಿಷ್. ಅಚ್ಚು ಕೆತ್ತುವವರು ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಕೆತ್ತಬೇಕು. ಗೊತ್ತಿರುವ ಲಿಪಿಯಾದರೆ ಕೈಗೆ ಅಭ್ಯಾಸ ಇರುತ್ತದೆ. ಗೊತ್ತಿಲ್ಲದ ಇಂಗ್ಲಿಷ್ ಅಕ್ಷರವನ್ನು ಕಾಗದದ ಮೇಲೆ ನೋಡಿ ಹಾಗೇ ನೆಟ್ಟಗೆ ಕೆತ್ತಿಬಿಟ್ಟರೆ ನಾಣ್ಯದಲ್ಲಿ ಅದು ಉಲ್ಟಾ ಮೂಡುತ್ತದೆ. 'ಕ್ಯಾಶ್' ಎಂಬ ಪದದ ಎಸ್ ಅಕ್ಷರಕ್ಕೆ ಇದು ಸುಲಭವಾಗಿ ಆಗುತ್ತದೆ. ಇದು ಅಚ್ಚಿನಲ್ಲೇ ಇರುವ ತಪ್ಪು, ಆದ್ದರಿಂದ ಅಚ್ಚಿನ ಭೇದ. ಒಬ್ಬ ಕೆತ್ತನೆಗಾರನ ಕೈ ಎಲ್ಲಿ ತಡವರಿಸಿತು ಎಂದು ಇನ್ನೂರು ವರ್ಷದ ಹತ್ತಿರದ ಮೇಲೂ ಬೆರಳಿಟ್ಟು ತೋರಿಸಬಹುದು. ಇಂಥವು ಒಂದಲ್ಲ, ಹಲವು ಇವೆ. ಹಾಗಾಗಿ ಬೆಲೆ ಆಕಾಶಕ್ಕೆ ಏರುವುದಿಲ್ಲ. ಆದರೂ ಕನ್ನಡ ಓದುವವರ ಮನೆಯಲ್ಲಿ ಉಳಿಯಬೇಕಾದ ನಾಣ್ಯ ಇದೇ ಎಂದು ನಾನು ಹೇಳುತ್ತೇನೆ. ಅದನ್ನು ಮಾರಬೇಡಿ.

ತೂತಿನ ಕಾಸನ್ನು ಯುದ್ಧದ ಕಾಲದಲ್ಲಿ ಲೋಹ ಉಳಿಸಲು ತಂದರು, 1943ರಿಂದ 1947ರ ತನಕ. ಬಿಲ್ಲೆಗೆ ತೂತು ಹಾಕಿದ ಮೇಲೆ ಚಿತ್ರ ಒತ್ತುತ್ತಿದ್ದರು. ತೂತು ಪಕ್ಕಕ್ಕೆ ಬಿದ್ದ ಬಿಲ್ಲೆಯನ್ನೇ ಒತ್ತಿದ್ದರೆ ತೂತಿನ ಒಳ ಅಂಚು ಒತ್ತಡಕ್ಕೆ ಸಿಕ್ಕಿ ನುಣ್ಣಗೆ, ತುಸು ಒಳಕ್ಕೆ ಉಬ್ಬಿದಂತೆ ಇರುತ್ತದೆ. ಆಮೇಲೆ ಕೊರೆದ ತೂತಿನಲ್ಲಿ ಅಕ್ಷರ ಚಕ್ಕನೆ ಕತ್ತರಿಸಿ ಹೋಗಿರುತ್ತದೆ, ಒಂದು ಕಡೆ ಚೂಪಾದ ಸಿಬಿರು ಎದ್ದಿರುತ್ತದೆ. ಈ ಕಾಸನ್ನು ವಾಷರ್ ಮಾಡಿ ಬೋಲ್ಟಿಗೆ ಹಾಕಿದವರು ಕಡಿಮೆಯಿಲ್ಲ. ತೂತು ಅಗಲವಾಗಿ, ಒಳಗೆ ಅರದ ಗುರುತಿದ್ದರೆ ಅದು ವಾಷರ್ ಆಗಿ ದುಡಿದ ಕಾಸು. ನಿಮ್ಮದನ್ನು ಪರೀಕ್ಷಿಸುವಾಗ ಕಿರೀಟದ ಆಕಾರ, ಇಸವಿಯ ಅಂಕೆಗಳ ಗಾತ್ರ ಕೂಡ ಬರೆದುಕೊಳ್ಳಿ. ಅವುಗಳಲ್ಲೂ ಭೇದಗಳಿವೆ.

ಬಿಲ್ಲೆಯ ಇನ್ನೊಂದು ತಪ್ಪು ಕ್ಲಿಪ್. ನಿಮ್ಮ ಪಟ್ಟಿಯಲ್ಲಿ ಇಲ್ಲ, ಆದರೆ ಡಬ್ಬಿಯ ತಳದಲ್ಲಿ ಇದ್ದರೂ ಇರಬಹುದು. ಲಟ್ಟಿಸಿದ ಹಿಟ್ಟನ್ನು ಡಬ್ಬದ ಮುಚ್ಚಳದಿಂದ ಕತ್ತರಿಸಿ ಪೂರಿ ಮಾಡುವಾಗ, ಮೊದಲೇ ಕತ್ತರಿಸಿದ ಜಾಗದ ಮೇಲೆ ಮುಚ್ಚಳ ಬಿದ್ದರೆ ಪೂರಿಯ ಒಂದು ಕಡೆ ಕಚ್ಚಿದಂತೆ ಆಗುತ್ತದಲ್ಲ, ಹಾಗೆ. ನಾಣ್ಯದ ಅಂಚಿನಲ್ಲಿ ಬಿಲ್ಲಿನಂಥ ಕೊರತೆ ಇರುತ್ತದೆ. ಕತ್ತರಿಯಿಂದ ಕತ್ತರಿಸಿದ್ದಕ್ಕೂ ಇದಕ್ಕೂ ವ್ಯತ್ಯಾಸ ಹೇಳಲು ಕೊರತೆಯ ಜಾಗ ನೋಡಬೇಡಿ, ಸರಿಯಾಗಿ ಅದರ ಎದುರಿನ ಅಂಚು ನೋಡಿ. ಅಲ್ಲಿ ಏಣು, ಅಂದರೆ ಅಂಚಿನ ಸುತ್ತ ಎದ್ದಿರುವ ದಿಂಡು, ಸರಿಯಾಗಿ ಎದ್ದಿರುವುದಿಲ್ಲ, ಮಸುಕಾಗಿರುತ್ತದೆ. ಏಣು ಎಬ್ಬಿಸುವ ಯಂತ್ರ ಬಿಲ್ಲೆಯನ್ನು ಎರಡು ಕಡೆಯಿಂದ ಒತ್ತುತ್ತದೆ. ಒಂದು ಕಡೆ ಲೋಹ ಇಲ್ಲದಿದ್ದರೆ ಎದುರು ಕಡೆಯೂ ಒತ್ತಡ ಸಿಗುವುದಿಲ್ಲ. ಮನೆಯಲ್ಲಿ ಕತ್ತರಿಸಿದವರ ನಾಣ್ಯದಲ್ಲಿ ಎದುರಿನ ಅಂಚು ಗಟ್ಟಿಮುಟ್ಟಾಗಿರುತ್ತದೆ. ತೂಕ ಕಡಿಮೆ ಇರುವುದರಿಂದ ಏನೂ ಸಾಬೀತಾಗುವುದಿಲ್ಲ, ಎರಡರಲ್ಲೂ ಕಡಿಮೆಯೇ ಇರುತ್ತದೆ.

ಇನ್ನು ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು ಇರುವ ರೂಪಾಯಿ. ಇದು ಬ್ರೋಕೇಜ್, ನಮ್ಮ ಕೆಲವು ವ್ಯಾಪಾರಿಗಳ ಮಾತಿನಲ್ಲಿ ಲಾಖಿ. ಹಿಂದಿನ ನಾಣ್ಯ ಅಚ್ಚಿಗೆ ಅಂಟಿಕೊಂಡು ಉಳಿದುಬಿಡುತ್ತದೆ. ಮುಂದಿನ ಬಿಲ್ಲೆ ಬಂದಾಗ ಅಂಟಿದ ನಾಣ್ಯವೇ ಅಚ್ಚಿನ ಕೆಲಸ ಮಾಡುತ್ತದೆ. ಉಬ್ಬಿದ ಚಿತ್ರ ಹೋಗಿ ತಗ್ಗು, ಎಡ ಹೋಗಿ ಬಲ. ನಿಮ್ಮ ಪಟ್ಟಿಯಲ್ಲಿ ಹಣ ತರಬಹುದಾದ ನಿಜವಾದ ತಪ್ಪು ಇದೇ ಇರಬಹುದು. ಆದರೆ ಮೊದಲು ಖಾತ್ರಿ ಮಾಡಿಕೊಳ್ಳಿ. ಎರಡು ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟು ಬೆಂಚ್ ವೈಸ್‌ನಲ್ಲಿ ಬಿಗಿದರೂ ಒಂದರ ಮೇಲೆ ಇನ್ನೊಂದರ ತಗ್ಗು ಚಿತ್ರ ಬೀಳುತ್ತದೆ. ತಗ್ಗಾಗಿರುವ ಕಡೆ ಭೂತಗನ್ನಡಿ ಹಿಡಿದು, ಆ ಮಗ್ಗುಲಲ್ಲಿ ಇರಬೇಕಾಗಿದ್ದ ಚಿತ್ರದ ಅವಶೇಷ ಇದೆಯೇ ಹುಡುಕಿ. ಅಸಲಿ ಬ್ರೋಕೇಜ್‌ನಲ್ಲಿ ಅಚ್ಚು ಆ ಕಡೆ ತಾಗಿಯೇ ಇಲ್ಲ, ಹಾಗಾಗಿ ಏನೂ ಇರುವುದಿಲ್ಲ. ವೈಸ್‌ನಲ್ಲಿ ಮಾಡಿದ್ದರಲ್ಲಿ ಹಳೇ ಅಕ್ಷರಗಳು ನಜ್ಜುಗುಜ್ಜಾಗಿ ಅಲ್ಲಲ್ಲಿ ಉಳಿದಿರುತ್ತವೆ. ಉಬ್ಬಿದ ಕಡೆಯೂ ನೋಡಿ. ಅಸಲಿಯಲ್ಲಿ ಅದು ಚೂಪಾಗಿರುತ್ತದೆ. ವೈಸ್‌ನದ್ದರಲ್ಲಿ ಉಬ್ಬುಗಳ ತಲೆ ಚಪ್ಪಟೆಯಾಗಿರುತ್ತದೆ.

ಬೆಲೆಯ ಮಾತಿಗೆ ಬಂದರೆ, ವಿಡಿಯೋ ಹೇಳುವ ಲಕ್ಷಗಳನ್ನು ಬಿಟ್ಟುಬಿಡಿ. ಹರಾಜಿನಲ್ಲಿ ನಿಜವಾಗಿ ಮಾರಾಟವಾದ ದರ ನೋಡಿ, ಅದೂ ನಿಮ್ಮದೇ ಬಗೆಯ, ನಿಮ್ಮದೇ ಸ್ಥಿತಿಯ ನಾಣ್ಯದ್ದು. 'ನಿಮ್ಮ ನಾಣ್ಯ ಕೊಳ್ಳುತ್ತೇವೆ, ಮೊದಲು ಶುಲ್ಕ ಕಟ್ಟಿ' ಎಂದು ಕರೆ ಬಂದರೆ ಫೋನ್ ಇಡಿ. ತನ್ನ ಹೆಸರಿನಲ್ಲಿ ಇಂಥ ವಂಚನೆ ನಡೆಯುತ್ತಿದೆ ಎಂದು ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತು.

ಕೊನೆಗೆ ನಿಮ್ಮ ತಮ್ಮನ ವಿಷಯ. ಬೇಡ, ಕೊಟ್ಟು ಕಳುಹಿಸಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಗ್ರೇಡಿಂಗ್ ಮಾಡಿಸಿ ವಾಪಸ್ ತರುತ್ತೇನೆ ಅಂದರೂ ಅಷ್ಟೇ. 1835, 1862, 1911ರವು, ಟಿಪ್ಪುವಿನದು, ಮೈಸೂರಿನದು ಎಲ್ಲವೂ ಇದರೊಳಗೆ ಬರುತ್ತವೆ. ತಮ್ಮನಿಗೆ ಫೋಟೋ ಕಳುಹಿಸಿ. ಎರಡೂ ಮಗ್ಗುಲು, ಅಂಚು, ಪಕ್ಕದ ಬೆಳಕಿನಲ್ಲಿ. ಜೊತೆಗೆ ಎರಡು ದಶಮಾಂಶ ತೋರಿಸುವ ತಕ್ಕಡಿಯಲ್ಲಿ ತೂಗಿದ ತೂಕ, ವರ್ನಿಯರ್‌ನಲ್ಲಿ ಅಳೆದ ಅಗಲ. ಬೆಂಗಳೂರಿನಲ್ಲಿ ಕನ್ನಡನಾಡು ನಾಣ್ಯ ಸಂಘದಂಥ ಸಂಗ್ರಾಹಕರ ಸಂಘಗಳಿವೆ, ನಾಣ್ಯ ಪ್ರದರ್ಶನಗಳೂ ನಡೆಯುತ್ತವೆ. ಆ ರೂಪಾಯಿಯ ಬ್ರೋಕೇಜನ್ನೂ ಚುಕ್ಕೆಯ 1862ನ್ನೂ ಅಲ್ಲಿಗೆ ಒಯ್ದು, ಮಾರುವ ಮಾತು ಎತ್ತದೆ, ಮೊದಲು ಸುಮ್ನೆ ತೋರಿಸಿ. ಮೂರು ಜನ ಬೇರೆ ಬೇರೆಯಾಗಿ ನೋಡಿ ಒಂದೇ ಮಾತು ಹೇಳಿದ ಮೇಲೆ ಬೆಲೆ ಕೇಳಿ.